ಬಿಳಿ ಸೀರೆಯ ದೆವ್ವ

ಹಸಿ ಪೇಂಟಿನ ವಾಸನೆ ಬಂದರೆ ಇಂದಿಗೂ ನಾನು ಅಜ್ಜಿಯ ಸೆರಗಿನೊಳಗೆ ಇರುತ್ತೇನೆ.

ಅಮ್ಮ ತೀರಿಕೊಂಡ ವರ್ಷ, ಒಂದು ಮಧ್ಯಾಹ್ನ, ಅಜ್ಜಿ ನನ್ನನ್ನು ಡೊಂಬಿವಲಿಯ ಪಕ್ಕದೂರು ಕಲ್ಯಾಣದ ಜಾತ್ರೆ ಮೇಳಕ್ಕೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ದುಡ್ಡು ಕೊಟ್ಟು ಹೆದರಲು ಹೋಗುವ ‘ಭೂತ್ ಬಂಗ್ಲಾ’ದ ಕತ್ತಲಲ್ಲಿ ಹಸಿ ಪೇಂಟಿನ ವಾಸನೆಯ ನಡುವೆ ನೀಲಿ ಹೊಗೆ ತೇಲುತ್ತಿತ್ತು. ನನ್ನ ಕಾಲುಗಳೇ ನನಗೆ ಕಾಣುತ್ತಿರಲಿಲ್ಲ. ಬಿಳಿ ಸೀರೆಯ ದೆವ್ವವೊಂದು ಮೆಲ್ಲಗೆ ಹತ್ತಿರ ಬಂದಾಗ ಕಿರುಚಿ ಅಜ್ಜಿಯ ಸೆರಗಿನೊಳಗೆ ನುಗ್ಗಿಬಿಟ್ಟೆ.

“ಹೆದರ್ಬೇಡ ಮಗಾ. ಸತ್ತವರು ಹೆದರಿಸ್ಲಿಕ್ಕೆ ಬರುದಲ್ಲ, ಹಸಿವಾಗಿ ಬರುದು,” ಅಂದಳು ಅಜ್ಜಿ.

ಆ ಸಂಜೆ ಡೊಂಬಿವಲಿಯ ನಮ್ಮ ಒಂದೇ ಕೋಣೆಯ ಮನೆಯಲ್ಲಿ, ಅಮ್ಮ ಬಂದು ಉಣ್ಣಲಿ ಎಂದು ಅಜ್ಜಿ ಬಾಳೆಲೆ ಹಾಕಿ ಬಂಗುಡೆ ಮೀನಿನ ಸಾರು ಬಡಿಸಿದಳು. ಸತ್ತವರು ಉಣ್ಣುವುದನ್ನು ನೋಡಬಾರದೆಂಬ ನಮ್ಮ ಊರಿನ ಕ್ರಮದಂತೆ ಬಾಗಿಲು ಮುಚ್ಚಿ ನನ್ನನ್ನೂ ಅಪ್ಪನನ್ನೂ ಹೊರಗೆ ನಿಲ್ಲಿಸಿದಳು.

“ಈ ಕಾಲದಲ್ಲಿ ಇದನ್ನೆಲ್ಲ ಯಾರು ನಂಬ್ತಾರೆ?” ಎಂದು ಗೊಣಗಿದ ಅಪ್ಪ, ಸ್ವಲ್ಪ ಹೊತ್ತಿನಲ್ಲೇ ಆ ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದ.