ಎಡದ್ದು ಬಲಕ್ಕೆ

ಮೂರನೆಯ ಏಟಿಗೆ ಬೋಲ್ಟು ಕಿರುಚಿ ಸಡಿಲಾಯಿತು. ಮೆಕ್ಯಾನಿಕ್ ಇನ್ನೊಂದು ಏಟು ಹಾಕಿದ. ಬೇಕಿರಲಿಲ್ಲ. ಆದರೂ ಹಾಕಿದ.

ತುಕ್ಕು ಹಿಡಿದ ಕ್ಯಾಲಿಪರ್ ಕಳಚಿ ಕೈಗೆ ಬಂತು. ಚಕ್ರದ ತಟ್ಟೆಯನ್ನು ಕಚ್ಚಿ ಹಿಡಿದು ಕಾರು ನಿಲ್ಲಿಸಬೇಕಾದ ಕಬ್ಬಿಣದ ದವಡೆ ಅದು. ಸಂದಿಯಿಂದ ಬ್ರೇಕ್ ಆಯಿಲ್ ಜೊಲ್ಲಿನಂತೆ ಇಳಿದು ಅವನ ಮಣಿಕಟ್ಟಿನವರೆಗೆ ಹರಿಯಿತು.

"ಎರಡೂ ಕಡೆ ಸೋರಿದೆ," ಎಂದ. "ಇದರಲ್ಲಿ ಇಲ್ಲೀವರೆಗೆ ಹೇಗೆ ಬಂದೆಯೋ? ಅಂಗಡಿ ತುಂಬ ಕನ್ನಡಕ ಇಟ್ಕೊಂಡಿದ್ದೀಯ, ಎದುರಿಗಿರೋ ಬಾಗಿಲು ಕಾಣಲ್ಲ."

ಕನ್ನಡಕದಂಗಡಿಯವನು ಮೂಗಿಗೆ ಬಟ್ಟೆ ಒತ್ತಿಕೊಂಡು ನಿಂತಿದ್ದ. ಅವನು ಮೆಕ್ಯಾನಿಕ್‌ನ ತಂಗಿಯ ಗಂಡ. ಅರ್ಧ ಗಂಟೆಯ ಹಿಂದೆ, ಕೆಲಸದವರೆಲ್ಲ ಊಟಕ್ಕೆ ಹೋಗಿದ್ದಾಗ, ಅವನ ಹಳೆಯ ಕಾರು ನಿಲ್ಲದೆ ಬಂದು ಗ್ಯಾರೇಜಿನ ತಗಡಿನ ಬಾಗಿಲಿಗೆ ಗುದ್ದಿತ್ತು. ಇಳಿದವನು ಒಂದೇ ಮಾತು ಹೇಳಿದ್ದ.

"ನನ್ನ ಹೆಂಡತೀನ ಕರ್ಕೊಂಡು ಹೋಗೋಕೆ ಬಂದಿದ್ದೀನಿ."

ಹನ್ನೆರಡು ದಿನದಿಂದ ತಂಗಿ ಅಣ್ಣನ ಮನೆಯಲ್ಲಿದ್ದಳು, ಗ್ಯಾರೇಜಿನ ಮೇಲಿನ ಕೋಣೆಯಲ್ಲಿ. ಬಾಗಿಲಿಗೆ ಅಣ್ಣನೇ ಹೊಸ ಚಿಲಕ ಹಾಕಿದ್ದ. ಆ ಮಾತು ಕೇಳಿ ಅವನೇ ಮೇಲೆ ಹೋಗಿ ಅವಳನ್ನು ಕೆಳಗೆ ತಂದು ನಿಲ್ಲಿಸಿದ. ಗಂಡ ಅವಳ ಮುಖ ನೋಡಿದ, ಕೂಡಲೇ ನೆಲ ನೋಡಿದ. ಕೆಳತುಟಿ ಊದಿ ಕಪ್ಪಾಗಿತ್ತು. ಮುಂದಿನ ಹಲ್ಲೊಂದು ಅರ್ಧವೇ ಉಳಿದಿತ್ತು.

"ನೋಡ್ಕೋ," ಎಂದ ಅಣ್ಣ. "ನಿನ್ನ ಕಟ್ಕೊಂಡಿದ್ದಕ್ಕೆ ಇವಳಿಗೆ ಬಂದ ಗತಿ."

"ತಪ್ಪು ನಂದೇ ಭಾವ. ಅವತ್ತು ಇವಳನ್ನ ನಾನು..."

ಮಾತು ಮುಗಿಯಲಿಲ್ಲ. ಮುಷ್ಟಿ ಮೂಗಿನ ಮೇಲೆ ಬಿತ್ತು. ಕನ್ನಡಕ ಹಾರಿ ಹಳೆಯ ಟಯರುಗಳ ಹಿಂದೆ ಎಲ್ಲೋ ಒಡೆಯಿತು. ಎರಡನೆಯ ಏಟಿಗೆ ಅವನ ಬೆನ್ನು ಕಂಬಕ್ಕೆ ಬಡಿಯಿತು. ರಕ್ತ ಅಂಗಿಯ ಗುಂಡಿಗಳ ಮೇಲೆ ಸಾಲಾಗಿ ತೊಟ್ಟಿಕ್ಕಿತು. ಅವನು ಕೈ ಎತ್ತಲಿಲ್ಲ. ತಂಗಿ ಮೆಟ್ಟಿಲ ಬಳಿ ಮೊಣಕೈಗಳಿಂದ ತಲೆ ಮುಚ್ಚಿಕೊಂಡು ಕುಸಿದಳು.

ಮೂರನೆಯ ಏಟಿಗೆ ಕೈ ಎತ್ತಿದ ಮೆಕ್ಯಾನಿಕ್ ಅಲ್ಲೇ ತಡೆದು ನಿಂತ. ಅವನ ಕಣ್ಣು ಕಾರಿನ ಕೆಳಗೆ ಹರಡುತ್ತಿದ್ದ ಎಣ್ಣೆಯ ಮೇಲಿತ್ತು. ಸಿಟ್ಟು ಒಮ್ಮೆಲೇ ಇಳಿಯಿತು. ಏಟಿಗಿಂತ ಒಳ್ಳೆಯ ದಾರಿ ಇತ್ತು.

"ಸರಿ. ಕರ್ಕೊಂಡು ಹೋಗು. ಆದರೆ ಈ ಬ್ರೇಕಿನಲ್ಲಿ ಬೇಡ. ಇದೇ ಕಾರಿನ ಒಂದು ಜೋಡಿ ನನ್ನ ಹತ್ರ ಇದೆ. ಹಾಕ್ಕೊಡ್ತೀನಿ."

ಆ ಹಳೆಯ ಮಾದರಿಯಲ್ಲಿ ಎಡಗಡೆಯ ಕ್ಯಾಲಿಪರ್ ಬಲಕ್ಕೂ ಸಲೀಸಾಗಿ ಕೂರುತ್ತದೆ. ಹಾಗೆ ಕೂತರೆ, ಗಾಳಿ ಹೊರಬಿಡುವ ನಿಪ್ಪಲ್ ಮೇಲಿರುವ ಬದಲು ಕೆಳಗೆ ಹೋಗುತ್ತದೆ. ಗಾಳಿ ತೆಗೆಯಲು ಹೋದರೆ ಎಣ್ಣೆ ಮಾತ್ರ ಹೊರಬರುತ್ತದೆ, ಗಾಳಿ ಒಳಗೇ ಉಳಿಯುತ್ತದೆ. ಮೇಲಿಂದ ಮೇಲೆ ತುಳಿದರೆ ಪೆಡಲ್ ಕಲ್ಲಿನಂತೆ ನಿಲ್ಲುತ್ತದೆ. ಎರಡು ನಿಮಿಷ ಬಿಟ್ಟು ತುಳಿದರೆ ಕಾಲು ನೆಲ ಮುಟ್ಟುತ್ತದೆ. ಕೆಲಸಕ್ಕೆ ಹೊಸದಾಗಿ ಸೇರಿದವರು ಮಾಡುವ ತಪ್ಪು. ಅದನ್ನು ಯಾರೂ ಕೊಲೆ ಎನ್ನುವುದಿಲ್ಲ.

ಹೊರಗೆ ರಸ್ತೆ ಇಳಿಜಾರಾಗಿತ್ತು. ಕೆಳಗೊಂದು ತಿರುವು. ತಿರುವಿನಲ್ಲಿ ರೈಲು ಹಳಿಯ ಪಕ್ಕದ ಕಲ್ಲುಗೋಡೆ.

ಹಳೆಯವು ಕಳಚಿ ಬಂದ ಮೇಲೆ, ಈಗ, ಎಡದ್ದನ್ನು ಬಲಕ್ಕೆ ಬಿಗಿದ. ಬಲದ್ದನ್ನು ಎಡಕ್ಕೆ.

"ನಾನೇನಾದ್ರೂ ಹಿಡ್ಕೊಳ್ಳಲಾ?" ಎಂದ ಗಂಡ.

"ನಿನ್ನ ಮೂಗು ಹಿಡ್ಕೋ, ಸಾಕು. ಪುಟ್ಟಿ, ಹತ್ತು."

ಅಪ್ಪ ಇದ್ದಾಗಿನಿಂದ, ಬ್ರೇಕಿನ ಗಾಳಿ ತೆಗೆಯುವಾಗ ಪೆಡಲ್ ತುಳಿಯುವುದು ತಂಗಿಯ ಕೆಲಸ. ಎಂಟು ವರ್ಷದವಳಿದ್ದಾಗ ಸ್ಟೀರಿಂಗಿಗೆ ಜೋತುಬಿದ್ದು ತುಳಿಯುತ್ತಿದ್ದಳು.

"ತುಳಿ."

"ತುಳಿದೆ."

"ಹಿಡಿ."

"ಹಿಡಿದೆ."

"ಬಿಡು."

ಕೆಳಗೆ ಬಾಟಲಿಗೆ ಎಣ್ಣೆ ಇಳಿಯಿತು. ಒಂದು ಗುಳ್ಳೆಯೂ ಬರಲಿಲ್ಲ. ಎರಡೂ ಕಡೆ ಹಾಗೇ ಮಾಡಿದರು.

"ಒಂದು ಮಾತು ಭಾವ," ಎಂದ ಗಂಡ, ಬಟ್ಟೆಯೊಳಗಿಂದ. "ಇವಳ ಮುಖ ಇನ್ನೊಂದು ಸಲ ಹೀಗಾಗಲ್ಲ."

"ಗೊತ್ತು," ಎಂದ ಮೆಕ್ಯಾನಿಕ್. "ಆಗೋದಿಲ್ಲ."

ಚಕ್ರ ಹಾಕಿ ಜಾಕ್ ಇಳಿಸಿದ. ತಂಗಿ ಇನ್ನೂ ಸೀಟಿನಲ್ಲಿದ್ದಳು. ಸುಮ್ಮನೆ ಎಂಬಂತೆ ಮತ್ತೊಮ್ಮೆ ಕಾಲಿಟ್ಟಳು. ಪೆಡಲ್ ಸದ್ದಿಲ್ಲದೆ ಪೂರ್ತಿ ಕೆಳಗಿಳಿಯಿತು. ಅವಳು ತಲೆ ಎತ್ತಿದಳು. ಅಣ್ಣ ಅವಳನ್ನೇ ನೋಡುತ್ತಿದ್ದ, ಕೈಯಲ್ಲಿ ಚಕ್ರದ ಸ್ಪಾನರ್ ಇತ್ತು.

"ಹೇಗಿದೆ ಪುಟ್ಟಿ?"

ಅವಳು ಗಂಡನನ್ನು ನೋಡಿದಳು. ಸ್ಪಾನರ್ ನೋಡಿದಳು.

"ಗಟ್ಟಿ ಇದೆ."

ಅಣ್ಣನ ಎದೆ ತುಂಬಿ ಬಂತು. ಎಷ್ಟಾದರೂ ಒಂದೇ ರಕ್ತ.

"ತಗೋ," ಎಂದು ಗಂಡನ ಮುಂದೆ ಕೀಲಿ ಹಿಡಿದ. "ಕೆಳಗಿನ ತಿರುವಿನವರೆಗೆ ಒಬ್ಬನೇ ಹೋಗಿ ಬಾ. ಚೆನ್ನಾಗಿ ಓಡಿಸಿ ಬ್ರೇಕ್ ಹಾಕಿ ನೋಡು. ಅಷ್ಟರಲ್ಲಿ ಇವಳು ಬಟ್ಟೆ ಕಟ್ಕೋತಾಳೆ."

ಗಂಡ ಕೈ ಚಾಚಿದ. ಅಷ್ಟರಲ್ಲಿ ತಂಗಿ ಕಾರಿನಿಂದಿಳಿದು ನಡುವೆ ಬಂದಳು. ಕೀಲಿ ಕಿತ್ತುಕೊಂಡು ಕೊಳೆ ಎಣ್ಣೆಯ ಡ್ರಮ್ಮಿಗೆ ಎಸೆದಳು. ಗಂಡನ ತೋಳು ಹಿಡಿದು ಹೊರಗೆಳೆದಳು. ರಸ್ತೆಗೆ ಕಾಲಿಟ್ಟ ಮೇಲೆ, ಜನ ಓಡಾಡುವ ಬಿಸಿಲಿನಲ್ಲಿ, ನಿಂತಳು.

ಅಣ್ಣ ಹೊಸ್ತಿಲವರೆಗೆ ಓಡಿ ಬಂದ. ಎದುರಂಗಡಿಯವನು ತಲೆ ಎತ್ತಿದ್ದು ಕಂಡು ಸ್ಪಾನರ್ ಬೆನ್ನ ಹಿಂದೆ ಮಾಡಿಕೊಂಡ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಹೋಗಬೇಡ ಪುಟ್ಟಿ. ಇಲ್ಲೇ ಇರು. ಇನ್ಮೇಲೆ ನಿನ್ನ ಮೈಮೇಲೆ ಒಂದು ಏಟೂ ಬೀಳಲ್ಲ, ಅಪ್ಪನ ಆಣೆ."

"ಬೇಡ ಅಣ್ಣ. ನನ್ನ ಹಲ್ಲು ಮುರಿದ ಕೈ ನಿಂದು, ಈ ಬ್ರೇಕ್ ಕೂರಿಸಿದ ಕೈನೂ ನಿಂದೇ. ನಾವು ನಡ್ಕೊಂಡೇ ಹೋಗ್ತೀವಿ."