ಮುಳುಗುವವನ ಪಾತ್ರ

ಸೀಸನ್ ಶುರುವಾಗುವ ಮೊದಲು ರಾಫ್ಟಿಂಗ್ ಗೈಡುಗಳೆಲ್ಲ ಸೇರಿ ಮಾಲೀಕರ ಮುಂದೆ ಅಣಕು ರಕ್ಷಣೆ ಮಾಡಿ ತೋರಿಸಬೇಕು. ಒಬ್ಬ ಮುಳುಗಿದಂತೆ ನಟಿಸುತ್ತಾನೆ, ಉಳಿದವರು ಹಗ್ಗ ಎಸೆದು ದಡಕ್ಕೆ ಎಳೆಯುತ್ತಾರೆ.

"ಈ ಸಲ ಮುಳುಗೋನು ನಾನು," ಅಂದ ಐವತ್ತೆರಡರ ಅಂತೋನಿ. ಹಿಂದೆಲ್ಲ ಎಂಥ ಏಟಾದರೂ ಹದಿನೈದು ದಿನಕ್ಕೆ ವಾಸಿಯಾಗುತ್ತಿತ್ತು. ಹೋದ ವರ್ಷ ಬಂಡೆಗೆ ಬಡಿದ ಭುಜ ಇನ್ನೂ ನೋಯುತ್ತಲೇ ಇತ್ತು. ಮುಳುಗುವವನು ಹುಟ್ಟು ಹಾಕಬೇಕಿಲ್ಲವಲ್ಲ, ಯಾರಿಗೂ ಗೊತ್ತಾಗುವುದಿಲ್ಲ.

ನಡುನೀರಿನಲ್ಲಿ ಹಗ್ಗ ಬಂತು. ಹಿಡಿಯಲು ತೋಳೆತ್ತಿದ, ಭುಜ ಕಳಕ್ಕೆಂದಿತು. ಸುಳಿ ಅವನನ್ನು ಎರಡು ಸಲ ಒಳಗೆಳೆಯಿತು.

"ಗಣಪೂ, ಸತ್ತೆ ಕಣೋ!"

ದಡದಲ್ಲಿದ್ದವರು ನಗುತ್ತ ಚಪ್ಪಾಳೆ ತಟ್ಟಿದರು. ಅವನ ಕೈಯಲ್ಲೇ ಕೆಲಸ ಕಲಿತಿದ್ದ ಗಣಪು ಮಾತ್ರ ನೀರಿಗೆ ಹಾರಿ ಎಳೆದು ತಂದ.

"ಅಣ್ಣಾ, ಭುಜದ ಕೀಲು ತಪ್ಪಿದೆ," ಅಂದ ಮೆಲ್ಲಗೆ.

"ಬಾಯಿ ಮುಚ್ಚು. ಗೊತ್ತಾದ್ರೆ ನಾಳೆಯಿಂದ ಬಂದವರ ಚಪ್ಪಲಿ ಕಾಯೋಕೆ ಹಾಕ್ತಾರೆ."

ಮಾಲೀಕರು ಓಡಿ ಬಂದರು. "ಏನ್ ಆಕ್ಟಿಂಗ್ ಅಂತೋನಣ್ಣ! ನಿಜ ಅನ್ನಿಸ್ಬಿಡ್ತು!"

ಅಂತೋನಿ ಹಲ್ಲು ಕಚ್ಚಿಕೊಂಡೇ ನಕ್ಕ.

ಅವರು ಜೇಬಿನಿಂದ ಮೊಬೈಲ್ ತೆಗೆದರು. "ಇನ್ನೊಂದ್ಸಲ ಹಾಗೇ ಮುಳುಗಿ, ವಿಡಿಯೋ ಮಾಡ್ಕೋತೀನಿ."