ಗಡ್ಡೆಯ ಒಳಗಿನವರು

“ಇದೇನಾ ನಂದು?” ಎನ್ನುತ್ತ ಅನುಸೂಯಮ್ಮ ಮಗಳ ಲ್ಯಾಪ್‌ಟಾಪಿನತ್ತ ಬಗ್ಗಿದರು. ಎಡಗೈ ಎಂದಿನಂತೆ ಸೆರಗನ್ನು ಎದೆಗೆ ಒತ್ತಿ ಹಿಡಿದಿತ್ತು. ಸ್ತನದ ಗಡ್ಡೆ ತೆಗೆದಾಗಿನಿಂದ ಆ ಕೈ ಅಲ್ಲಿಂದ ಕದಲಿರಲಿಲ್ಲ. ಕೆಲಸಕ್ಕೆ ಹೋಗಬಹುದೆಂದು ಡಾಕ್ಟರು ಹೇಳಿ ತಿಂಗಳುಗಳಾದರೂ ಅವರು ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸಿಗಿರಲಿ, ಬೀದಿಯ ಅಂಗಡಿಗೂ ಹೋಗಿರಲಿಲ್ಲ.

ಸಂಶೋಧನೆಗೆಂದು ಅವರೇ ಒಪ್ಪಿ ಕೊಟ್ಟಿದ್ದ ಗಡ್ಡೆಯ ಚೂರು ಪರದೆಯ ಮೇಲೆ ಬಣ್ಣದ ಚುಕ್ಕಿಗಳಾಗಿ ಹರಡಿತ್ತು. ಲ್ಯಾಬಿನಲ್ಲಿ ಇಂಥ ಚೂರುಗಳನ್ನೇ ಪರೀಕ್ಷಿಸುವ ಮಗಳು ಭಾನುಪ್ರಿಯಾ ಅಳುಕುತ್ತಲೇ ವಿವರಿಸಿದಳು. “ಒಂದೊಂದು ಚುಕ್ಕೀನೂ ಒಂದು ಜೀವಕೋಶ ಅಮ್ಮ. ಯಾವ್ದರೊಳಗೆ ಯಾವ ಜೀನ್ ಕೆಲಸ ಮಾಡ್ತಿತ್ತು ಅಂತ ನೋಡಿ, ಅದು ಯಾರು ಅಂತ ಗುರುತು ಹಿಡೀತೀವಿ. ಕೆಂಪು ಕ್ಯಾನ್ಸರ್‌ದು.”

“ಹಸಿರು?”

“ನಿನ್ನ ಕಾಯೋವು. ಕ್ಯಾನ್ಸರ್ ಜೊತೆ ಜಗಳಕ್ಕೆ ಅಂತ ಒಳಗೆ ನುಗ್ಗಿರೋವು.”

ಅನುಸೂಯಮ್ಮ ಪರದೆಯತ್ತ ಇನ್ನಷ್ಟು ಬಗ್ಗಿದರು. “ಗಡ್ಡೆ ತುಂಬ ಬರೀ ಕೆಟ್ಟದ್ದೇ ಇರುತ್ತೆ ಅಂದ್ಕೊಂಡಿದ್ದೆ ಕಣೇ. ಅಂಚಲ್ಲಿ ಸಾಲಾಗಿ ನಿಂತಿರೋವು?”

“ಅವೂ ನಿನ್ನ ಕಡೆಯವೇ. ಒಳಗೆ ಹೋಗೋಕೆ ದಾರಿ ಸಿಗ್ದೆ ನಿಂತಿದಾವೆ.”

“ನಮ್ಮ ಫ್ಯಾಕ್ಟರಿ ಬಸ್ಸಿಗೆ ಕಾಯೋರ ಥರ!” ಅವರು ನಕ್ಕುಬಿಟ್ಟರು. ಎಡಗೈ ಸೆರಗು ಬಿಟ್ಟು ಮೇಲೆದ್ದಿತು. ತೋರುಬೆರಳು ಹಸಿರು ಚುಕ್ಕಿಗಳನ್ನು ಒಂದೊಂದಾಗಿ ಮುಟ್ಟುತ್ತ ಹೋಯಿತು. “ಇವೆಲ್ಲ ನನಗೋಸ್ಕರ ಡ್ಯೂಟಿ ಮಾಡ್ತಿದ್ವು. ನಾನು ನೋಡಿದ್ರೆ ಮನೇಲಿ ಕೂತಿದ್ದೀನಿ. ಲೇ ಭಾನು, ಬೆಳಗಿನ ಶಿಫ್ಟ್ ಬಸ್ಸು ಈಗ್ಲೂ ಅರಳಿಕಟ್ಟೆ ಹತ್ರಾನೇ ನಿಲ್ಲುತ್ತಾ?”